ಒಂದು ಹಕ್ಕು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳಬೇಡಿ!

ಅಂಗವಿಕಲ ಮಹಿಳೆಯರಿಗೂ ‘ಲಾಡ್ಕಿ ಬಹೀಣ್’ ಹಣ ಸಿಗಲೇಬೇಕು
ಅಂಧೇರಿಯ ಕನ್ನಡಿಗರಲ್ಲಿ ಒಂದು ಮನವಿ

(ಓದಲು ಬಾರದವರಿಗೆ, ಕಣ್ಣು ಕಾಣದವರಿಗೆ ದಯವಿಟ್ಟು ಓದಿ ಹೇಳಿ)

ಅಂಧೇರಿ, ಮರೋಳ, ಚಕಾಲಾ, ಸಾಕಿನಾಕಾ, ಜೋಗೇಶ್ವರಿ, ವರ್ಸೋವಾದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಒಂದೇ ಚಾಳು, ಅಕ್ಕಪಕ್ಕದ ಎರಡು ಖೋಲಿ ಎಂದುಕೊಳ್ಳಿ. ಎರಡೂ ಮನೆ ಬಡತನದವು. ಎರಡೂ ಮನೆಯ ಪಡಿತರ ಚೀಟಿಯ ಬಣ್ಣ ಒಂದೇ. ಒಂದು ಮನೆಯಾಕೆಗೆ 2024ರ ಜುಲೈಯಿಂದ ಲಾಡ್ಕಿ ಬಹೀಣ್ ಯೋಜನೆಯಲ್ಲಿ ತಿಂಗಳಿಗೆ ₹1,500 ಮಂಜೂರಾಯಿತು. ಪಕ್ಕದ ಮನೆಯಾಕೆಗೆ ಚಿಕ್ಕಂದಿನಲ್ಲೇ ಪೋಲಿಯೋ ಬಂದು ಕಾಲು ಹೋಗಿದೆ. ಆಕೆಗೆ ಸಂಜಯ ಗಾಂಧಿ ನಿರಾಧಾರ ಯೋಜನೆಯಲ್ಲಿ ₹1,500 ಬರುತ್ತಿತ್ತು. ಆಕೆಯೂ ಲಾಡ್ಕಿ ಬಹೀಣ್‌ಗೆ ಅರ್ಜಿ ಹಾಕಿದರೆ ಸಿಕ್ಕ ಉತ್ತರ: “ನಿಮಗೆ ಈಗಾಗಲೇ ಬರುತ್ತಿದೆಯಲ್ಲ, ಇದು ಸಿಗುವುದಿಲ್ಲ.”

ಇಬ್ಬರ ಕೈಗೂ ಬಂದದ್ದು ಅಷ್ಟೇ ದುಡ್ಡು. ಹಾಗಾದರೆ ನಡೆಯಲಾಗದ ಆ ಕಾಲಿಗೆ ಸರಕಾರ ಕೊಟ್ಟದ್ದೇನು? ಒಂದು ಪೈಸೆಯೂ ಇಲ್ಲ.

ಈ ಅನ್ಯಾಯದ ವಿರುದ್ಧ ನಾವು ದನಿ ಎತ್ತುತ್ತಿದ್ದೇವೆ. ನೀವೂ ಜೊತೆಗೂಡಬೇಕು.

ನಡೆದದ್ದೇನು?

ಮುಖ್ಯಮಂತ್ರಿ ಮಾಝಿ ಲಾಡ್ಕಿ ಬಹೀಣ್ ಯೋಜನೆಯ ಸರಕಾರಿ ಆದೇಶ ಹೊರಟದ್ದು 2024ರ ಜೂನ್ 28ರಂದು. 21ರಿಂದ 65 ವರ್ಷದೊಳಗಿನ, ಕುಟುಂಬದ ವಾರ್ಷಿಕ ಆದಾಯ ₹2.5 ಲಕ್ಷ ಮೀರದ ಮಹಿಳೆಗೆ ತಿಂಗಳಿಗೆ ₹1,500. ಒಳ್ಳೆಯ ಯೋಜನೆ, ಅದನ್ನು ನಾವು ಸ್ವಾಗತಿಸಿದ್ದೇವೆ. ಆದರೆ ಅದರ ಅನರ್ಹತೆಯ ಪಟ್ಟಿಯಲ್ಲಿ ಒಂದು ಶರತ್ತಿದೆ: ಸರಕಾರದ ಬೇರೆ ಇಲಾಖೆಯ ಯೋಜನೆಯಿಂದ ತಿಂಗಳಿಗೆ ₹1,500 ಅಥವಾ ಅದಕ್ಕಿಂತ ಹೆಚ್ಚು ಪಡೆಯುತ್ತಿರುವ ಮಹಿಳೆ ಇದಕ್ಕೆ ಅರ್ಹಳಲ್ಲ.

ಸಂಜಯ ಗಾಂಧಿ ನಿರಾಧಾರ ಯೋಜನೆ 1980ರಿಂದ ನಡೆದು ಬಂದದ್ದು. ಅದರ ಸಹಾಯಧನ ಒಂದು ಸಾವಿರದಿಂದ ಒಂದೂವರೆ ಸಾವಿರಕ್ಕೆ ಏರಿದ್ದು 2023ರಲ್ಲಿ. ಹಾಗೆ ಏರಿದ ಮೊತ್ತವೇ ಮರುವರ್ಷ ಅಂಗವಿಕಲ ಮಹಿಳೆಯರ ಪಾಲಿನ ಬಾಗಿಲು ಮುಚ್ಚಿತು.

2025ರ ಫೆಬ್ರವರಿಯಲ್ಲಿ ಮಹಿಳಾ ಮತ್ತು ಬಾಲವಿಕಾಸ ಸಚಿವೆ ಅದಿತಿ ತಟ್ಕರೆ ಅವರು 5 ಲಕ್ಷ ಮಹಿಳೆಯರನ್ನು ಅನರ್ಹರೆಂದು ಪ್ರಕಟಿಸಿದರು. ಅವರಲ್ಲಿ 2.30 ಲಕ್ಷ ಮಂದಿ ಸಂಜಯ ಗಾಂಧಿ ಯೋಜನೆಯ ಫಲಾನುಭವಿಗಳು. ಈ ಯೋಜನೆಯಲ್ಲಿ ಇರುವವರು ಯಾರು? ಅಂಗವಿಕಲರು, ವಿಧವೆಯರು, ಗಂಡ ಬಿಟ್ಟವರು, ದೀರ್ಘ ಕಾಯಿಲೆಯವರು. ಕಾರು ಇಟ್ಟುಕೊಂಡವರ ಹೆಸರು ಅಳಿಸಿದ ಪಟ್ಟಿಯಲ್ಲೇ ಊರುಗೋಲು ಹಿಡಿದವರ ಹೆಸರನ್ನೂ ಅಳಿಸಿದರು.

“ಈಗ ₹2,500 ಕೊಡುತ್ತೇವಲ್ಲ!”

ಹೌದು. 2025ರ ಜೂನ್‌ನಲ್ಲಿ ಮಾಜಿ ಸಚಿವ ಬಚ್ಚು ಕಡು ಅವರು ಅಮರಾವತಿ ಜಿಲ್ಲೆಯ ಮೋಝರಿಯಲ್ಲಿ ಉಪವಾಸ ಕೂತರು. ರೈತರ ಸಾಲಮನ್ನಾದ ಜೊತೆಗೆ ಅಂಗವಿಕಲರಿಗೆ ತಿಂಗಳಿಗೆ ₹6,000 ಕೊಡಬೇಕೆಂದು ಕೇಳಿದರು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅಂಗವಿಕಲರ ಸಹಾಯಧನವನ್ನು ₹1,500ರಿಂದ ₹2,500ಕ್ಕೆ ಏರಿಸಿತು, ಅಕ್ಟೋಬರ್‌ನಿಂದ ಜಾರಿ. ಹೋರಾಟಕ್ಕೆ ಸಿಕ್ಕ ಫಲ ಇದು. ಇದನ್ನು ಕಡಿಮೆ ಎಣಿಸುವುದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಅಂಗವಿಕಲಳಲ್ಲದ ಬಡ ಮಹಿಳೆಗೆ ₹1,500. ಅಂಗವಿಕಲಳಾದ ಬಡ ಮಹಿಳೆಗೆ ₹2,500. ನಡುವಿನ ಅಂತರ ₹1,000. ಅಂದರೆ ದೇಹದ ಕೊರತೆಯಿಂದ ಬರುವ ಹೆಚ್ಚುವರಿ ಖರ್ಚಿಗೆ ಸರಕಾರ ಕಟ್ಟಿದ ಬೆಲೆ ತಿಂಗಳಿಗೆ ಒಂದು ಸಾವಿರ ರೂಪಾಯಿ.

ಆ ಸಾವಿರ ರೂಪಾಯಿ ಅಂಧೇರಿಯಲ್ಲಿ ಎಷ್ಟು ದೂರ ಹೋಗುತ್ತದೆ? ಮುಂಬಯಿಯಲ್ಲಿ ರಿಕ್ಷಾದ ಕನಿಷ್ಠ ಬಾಡಿಗೆ 2025ರ ಫೆಬ್ರವರಿಯಿಂದ ₹26. ಮರೋಳದ ಒಬ್ಬ ಅಕ್ಕ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಮಸಾಲೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ. ಅವರ ಜೊತೆಗಾರ್ತಿಯರೆಲ್ಲ ನಡೆದೇ ಹೋಗುವ ದೂರ ಅದು. ಸಂಜೆಯ ನೂಕುನುಗ್ಗಲಿನ ಬಸ್ಸು ಈ ಅಕ್ಕನಿಗೆ ಹತ್ತಲಾಗದು. ಮಳೆಗಾಲದಲ್ಲಿ ಅಗೆದಿಟ್ಟ ರಸ್ತೆಯ ಕೆಸರಲ್ಲಿ ಕ್ಯಾಲಿಪರ್ ಊರಲಾಗದು. ಹೋಗಲು ₹26, ಬರಲು ₹26. ತಿಂಗಳಿಗೆ 25 ದಿನದ ಕೆಲಸ ಎಂದರೆ ₹1,300. ರಿಕ್ಷಾದ ಕನಿಷ್ಠ ಬಾಡಿಗೆಗೇ ಆ ಸಾವಿರ ಸಾಲಲಿಲ್ಲ. ಕ್ಯಾಲಿಪರ್‌ನ ಪಟ್ಟಿ ಹರಿದರೆ? ಬೂಟಿನ ಅಡಿ ಸವೆದರೆ? ಸೊಂಟ ನೋವಿಗೆ ಡಾಕ್ಟರ ಹತ್ತಿರ ಹೋಗಬೇಕಾದರೆ? ಆ ಖರ್ಚೆಲ್ಲ ಹೊಟ್ಟೆಗೆ ತಿನ್ನುವ ದುಡ್ಡಿನಿಂದಲೇ ಹೋಗಬೇಕು.

ಅಂಗವಿಕಲರ ಸಹಾಯಧನ ಕೊಡುವುದು ಈ ಹೆಚ್ಚುವರಿ ಖರ್ಚಿಗಾಗಿ. ಲಾಡ್ಕಿ ಬಹೀಣ್ ಕೊಡುವುದು ಬಡ ಮನೆಯ ಹೆಣ್ಣಿನ ಕೈಯಲ್ಲಿ ತನ್ನದೇ ಆದ ನಾಲ್ಕು ಕಾಸು ಇರಲಿ ಎಂದು. ಎರಡರ ಉದ್ದೇಶವೂ ಬೇರೆ, ಕಾರಣವೂ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ತಡೆಯುವುದು ಯಾವ ನ್ಯಾಯ?

ತೆರಿಗೆ ಕಟ್ಟುವವರಿಗೆ ಒಂದು ನ್ಯಾಯ, ಬಡವರಿಗೆ ಇನ್ನೊಂದೇ?

ಇದೇ ದೇಶದ ಆದಾಯ ತೆರಿಗೆ ಕಾನೂನು ಏನು ಹೇಳುತ್ತದೆ, ಕೇಳಿ. 80ಯು ಎಂದು ಹೆಸರಾದ ಕಡಿತದ ಪ್ರಕಾರ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವವರು ತಮ್ಮ ಆದಾಯದಿಂದ ₹75,000 ಕಳೆಯಬಹುದು. ಶೇ 80 ಮತ್ತು ಮೇಲ್ಪಟ್ಟರೆ ₹1,25,000. ಇದು ಹಳೆಯ ತೆರಿಗೆ ಪದ್ಧತಿಯ ಮಾತು. ಅದೇ ಪದ್ಧತಿಯಲ್ಲಿ 87ಎ ಎಂದು ಹೆಸರಾದ ರಿಬೇಟ್ ಕೂಡ ಇದೆ. ತೆರಿಗೆಗೆ ಒಳಪಡುವ ಆದಾಯ ₹5 ಲಕ್ಷ ದಾಟದಿದ್ದರೆ ₹12,500ವರೆಗಿನ ತೆರಿಗೆ ಪೂರ್ತಿ ಮಾಫಿ.

ಉಳಿದ ಕಡಿತಗಳೆಲ್ಲ ಆದ ಮೇಲೆ ₹5,75,000 ಆದಾಯ ಇರುವ ಅಂಗವಿಕಲ ನೌಕರರನ್ನು ತೆಗೆದುಕೊಳ್ಳಿ. ಅವರು ಮೊದಲು ₹75,000 ಕಳೆಯುತ್ತಾರೆ. ಉಳಿದದ್ದು ₹5 ಲಕ್ಷ. ಅದರ ತೆರಿಗೆ ₹12,500. ಅದಕ್ಕೆ ರಿಬೇಟ್ ₹12,500. ಕಟ್ಟಬೇಕಾದ ತೆರಿಗೆ ಸೊನ್ನೆ. “ನೀನು ಅಂಗವಿಕಲನೆಂದು ₹75,000 ಕಳೆದಿದ್ದೀ, ಆದ್ದರಿಂದ ರಿಬೇಟ್ ಇಲ್ಲ” ಎಂದು ತೆರಿಗೆ ಇಲಾಖೆ ಹೇಳುವುದಿಲ್ಲ. ಹೇಳಲೂ ಬಾರದು. ಅಂಗವಿಕಲತೆಗೆ ಸಿಗಬೇಕಾದದ್ದು ಅದರ ಪಾಡಿಗೆ, ಎಲ್ಲರಿಗೂ ಸಿಗುವ ರಿಬೇಟ್ ಅದರ ಪಾಡಿಗೆ. ವರ್ಷಕ್ಕೆ ಐದಾರು ಲಕ್ಷ ದುಡಿಯುವವರಿಗೆ ಒಪ್ಪುವ ಈ ಸರಳ ನ್ಯಾಯ, ವರ್ಷಕ್ಕೆ ಐವತ್ತು ಸಾವಿರವೂ ಇಲ್ಲದ ಮನೆಯ ಮಹಿಳೆಗೆ ಏಕೆ ಒಪ್ಪುವುದಿಲ್ಲ?

ಹೊರದೇಶದಲ್ಲೂ ಇದೇ ನ್ಯಾಯ ನಡೆದಿದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅಮೆರಿಕದ ಸರಕಾರ ತೆರಿಗೆ ರಿಬೇಟ್ ರೂಪದಲ್ಲಿ ತಲಾ 1,200 ಡಾಲರ್‌ವರೆಗೆ ಹಂಚಿತು. ತೆರಿಗೆ ರಿಟರ್ನ್ ಸಲ್ಲಿಸದ ಅಂಗವಿಕಲ ಭತ್ಯೆದಾರರಿಂದಲೂ ಮೊದಲು ರಿಟರ್ನ್ ಕೇಳಿದರು. ಎಲ್ಲೆಡೆ ಕೂಗೆದ್ದಿತು. ಏಪ್ರಿಲ್ ತಿಂಗಳಲ್ಲೇ ಆ ಶರತ್ತು ಕೈಬಿಟ್ಟು, ಭತ್ಯೆ ಜಮೆಯಾಗುವ ದಾರಿಯಲ್ಲೇ ರಿಬೇಟ್ ಕಳಿಸಿದರು. ಆ ದುಡ್ಡನ್ನು ಆದಾಯವೆಂದು ಎಣಿಸಿ ಅವರ ಭತ್ಯೆಗೆ ಕತ್ತರಿ ಹಾಕಲಿಲ್ಲ. ಕೂಗಿದವರಿಗೆ ಅಲ್ಲಿ ನ್ಯಾಯ ಸಿಕ್ಕಿತು. ನಾವೂ ಕೂಗಬೇಕು.

ನಮ್ಮ ಊರಲ್ಲಿ ಸಿಗುವುದು ಇಲ್ಲಿ ಏಕಿಲ್ಲ?

ದೂರದ ಅಮೆರಿಕ ಬಿಡಿ. ನಮ್ಮ ತವರು ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಮೈಸೂರಿನಲ್ಲಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ ₹2,000. ವಿಧವಾ ವೇತನ, ಅಂಗವಿಕಲ ವೇತನ ಪಡೆಯುವವರಿಗೂ ಗೃಹಲಕ್ಷ್ಮಿ ಸಿಗುತ್ತದೆ ಎಂದು ಅಲ್ಲಿನ ಸರಕಾರ ಆರಂಭದಲ್ಲೇ ಸ್ಪಷ್ಟಪಡಿಸಿತು. ಅಲ್ಲಿ ಶೇ 75ಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರ ಮಾಸಿಕ ವೇತನ ₹1,400. ಅಂಥ ಮಹಿಳೆ ಯಜಮಾನಿಯೂ ಆಗಿದ್ದರೆ ₹2,000 ಸೇರಿ ₹3,400. ಅಲ್ಲಿನ ವೇತನವೂ ಸಾಲದು, ಅದು ನಿಜ. ಆದರೆ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವ ಕೆಲಸ ಅಲ್ಲಿ ಆಗಲಿಲ್ಲ.

ಉಡುಪಿಯಲ್ಲೋ ವಿಜಯಪುರದಲ್ಲೋ ಇರುವ ತಂಗಿಗೆ ಎರಡೂ ಸಿಗುತ್ತದೆ. ಹೊಟ್ಟೆಪಾಡಿಗೆ ಅಂಧೇರಿಗೆ ಬಂದು ಇಲ್ಲೇ ಬೇರೂರಿದ ಅಕ್ಕನಿಗೆ ಒಂದು ಮಾತ್ರ. ಈ ಮಹಾನಗರಕ್ಕೆ ನಾವು ಹೋಟೆಲುಗಳಲ್ಲಿ ಬೆವರು ಸುರಿಸಿದ್ದೇವೆ, ಕಟ್ಟಡಗಳಿಗೆ ಇಟ್ಟಿಗೆ ಹೊತ್ತಿದ್ದೇವೆ, ಕಾರ್ಖಾನೆಗಳಲ್ಲಿ ದುಡಿದಿದ್ದೇವೆ. ನಾವು ಕೇಳುತ್ತಿರುವುದು ಮಹಾರಾಷ್ಟ್ರದ ಪ್ರತಿಯೊಬ್ಬ ಅಂಗವಿಕಲ ಮಹಿಳೆಗೂ ಸಲ್ಲಬೇಕಾದದ್ದು. ಮರಾಠಿ ಅಕ್ಕಂದಿರು, ಗುಜರಾತಿ, ಉತ್ತರ ಭಾರತದ ಅಕ್ಕಂದಿರು ಎಲ್ಲರೂ ನಮ್ಮ ಜೊತೆಗೆ ಬರಲಿ.

ಕಾನೂನು ನಮ್ಮ ಪರವಾಗಿದೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಮು ಸಾಮಾಜಿಕ ಭದ್ರತೆಯ ಬಗ್ಗೆ ಇದೆ. ಅದರಲ್ಲಿ ಸ್ಪಷ್ಟವಾಗಿ ಹೇಳಿದೆ: ಅಂಗವಿಕಲರಿಗೆ ಕೊಡುವ ಸಹಾಯದ ಮೊತ್ತ, ಇತರರಿಗೆ ಇರುವ ಅದೇ ಬಗೆಯ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು.

ಲಾಡ್ಕಿ ಬಹೀಣ್ ₹1,500 ಎಂದರೆ ಅದರ ಮೇಲೆ ಶೇ 25 ಸೇರಿ ₹1,875. 2024ರ ಜುಲೈಯಿಂದ 2025ರ ಸೆಪ್ಟೆಂಬರ್‌ವರೆಗೆ ಅಂಗವಿಕಲ ಮಹಿಳೆಗೆ ಸಿಕ್ಕಿದ್ದು ₹1,500 ಮಾತ್ರ. 2024ರ ವಿಧಾನಸಭಾ ಚುನಾವಣೆಯಲ್ಲಿ ಮಹಾಯುತಿ ಮೈತ್ರಿಕೂಟ ಲಾಡ್ಕಿ ಬಹೀಣ್ ಹಣವನ್ನು ₹2,100ಕ್ಕೆ ಏರಿಸುವ ಭರವಸೆ ಕೊಟ್ಟಿತ್ತು. ಆ ಭರವಸೆ ಈಡೇರಿದ ದಿನ ಶೇ 25 ಸೇರಿಸಿದರೆ ₹2,625 ಆಗುತ್ತದೆ. ಅಂದು ನಮ್ಮ ₹2,500 ಮತ್ತೆ ಈ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಈಗಲೇ ಎಚ್ಚೆತ್ತು ಕೇಳದಿದ್ದರೆ ಪ್ರತಿ ಏರಿಕೆಗೂ ಅಂಗವಿಕಲರು ಹೊಸದಾಗಿ ಉಪವಾಸ ಕೂರಬೇಕಾಗುತ್ತದೆ.

ನಮ್ಮ ಬೇಡಿಕೆಗಳು

1. ಲಾಡ್ಕಿ ಬಹೀಣ್ ಯೋಜನೆಯ ₹1,500ರ ಶರತ್ತಿನಿಂದ ಅಂಗವಿಕಲರ ಸಹಾಯಧನವನ್ನು ಹೊರಗಿಡಬೇಕು. ಅರ್ಹ ಅಂಗವಿಕಲ ಮಹಿಳೆಗೆ ಎರಡೂ ಸಿಗಬೇಕು.

2. ಲಾಡ್ಕಿ ಬಹೀಣ್ ಹಣ ಏರಿದಾಗಲೆಲ್ಲ ಅಂಗವಿಕಲರ ಸಹಾಯಧನವೂ 24ನೇ ಕಲಮಿನ ಪ್ರಕಾರ ತಾನಾಗಿ ಏರುವಂತೆ ಆದೇಶ ಹೊರಡಿಸಬೇಕು.

3. ಸಂಜಯ ಗಾಂಧಿ ಯೋಜನೆಯಲ್ಲಿ ಅಂಗವಿಕಲರ ಕುಟುಂಬಕ್ಕೆ ವರ್ಷಕ್ಕೆ ₹50,000 ಎಂಬ ಆದಾಯ ಮಿತಿ ಇದೆ. ತಿಂಗಳಿಗೆ ಸುಮಾರು ₹4,166. ಮುಂಬಯಿಯಲ್ಲಿ ಇದು ಖೋಲಿಯ ಬಾಡಿಗೆಗೂ ಸಾಲದು. ಲಾಡ್ಕಿ ಬಹೀಣ್‌ಗೆ ₹2.5 ಲಕ್ಷ ಮಿತಿ ಇಟ್ಟ ಸರಕಾರ ಅಂಗವಿಕಲರಿಗೂ ಅದೇ ಮಿತಿ ಇಡಬೇಕು.

4. ಹಣ ನಿಲ್ಲಿಸುವ ಮೊದಲು ಕಾರಣ ಬರೆದು ನೋಟಿಸು ಕೊಡಬೇಕು, ಅಹವಾಲು ಕೇಳಬೇಕು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ‘ಹಫ್ತಾ ಬಂದಿಲ್ಲ’ ಎಂದು ಗೊತ್ತಾಗುವ ಪರಿಸ್ಥಿತಿ ಇರಬಾರದು.

5. ಕುಟುಂಬದಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದರೆ ಲಾಡ್ಕಿ ಬಹೀಣ್ ಇಲ್ಲ ಎಂಬ ನಿಯಮವಿದೆ. ಮಗನ ಕೂಲಿಯಲ್ಲಿ ಗುತ್ತಿಗೆದಾರ ಟಿಡಿಎಸ್ (ಮುಂಗಡ ತೆರಿಗೆ) ಹಿಡಿದಿರುತ್ತಾನೆ, ಆ ದುಡ್ಡು ವಾಪಸು ಪಡೆಯಲು ಮಗ ರಿಟರ್ನ್ ಹಾಕುತ್ತಾನೆ. ಕಟ್ಟಬೇಕಾದ ತೆರಿಗೆ ಸೊನ್ನೆ. ಅಂಥ ಮನೆಯನ್ನು ‘ತೆರಿಗೆದಾರರ ಮನೆ’ ಎಂದು ಕೈಬಿಡಬಾರದು.

ಈ ವಾರವೇ ಮಾಡಬೇಕಾದದ್ದು

ಅಕ್ಕ-ತಂಗಿಯರೇ, ಮೊದಲು ನಿಮ್ಮ ಕಾಗದ ಪತ್ರ ಸರಿಪಡಿಸಿಕೊಳ್ಳಿ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದವರು ಇಂದೇ ಅರ್ಜಿ ಹಾಕಿ. ಅದರ ತಪಾಸಣೆಗೆ ಅಂಧೇರಿಯವರಿಗೆ ಹತ್ತಿರದ ಪಾಲಿಕೆ ಆಸ್ಪತ್ರೆ ಜುಹೂವಿನ ಕೂಪರ್. ಊರಲ್ಲಿ, ಕರ್ನಾಟಕದಲ್ಲಿ, ಮಾಡಿಸಿದ ಯುಡಿಐಡಿ ಕಾರ್ಡ್ ಇದ್ದರೆ ಗಾಬರಿ ಬೇಡ, ಅದು ದೇಶದಾದ್ಯಂತ ನಡೆಯುತ್ತದೆ. ವಿಳಾಸ ಮಾತ್ರ ಇಲ್ಲಿಯದಕ್ಕೆ ಬದಲಿಸಿಕೊಳ್ಳಿ.

ಸಂಜಯ ಗಾಂಧಿ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರ್ಷದ ವಾಸ್ತವ್ಯ ತೋರಿಸಬೇಕು. ಹಳೆಯ ಪಡಿತರ ಚೀಟಿ, ಮತದಾರರ ಚೀಟಿ, ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತಿದ್ದರೆ ಆ ಶಾಲೆ ಬಿಟ್ಟ ದಾಖಲೆ, ಇವನ್ನೆಲ್ಲ ಹುಡುಕಿ ಒಂದೇ ಕಡೆ ಇಟ್ಟುಕೊಳ್ಳಿ.

ಅಂಗವಿಕಲ ಮಗ ಅಥವಾ ಮಗಳ ತಾಯಂದಿರು ಒಂದು ವಿಷಯ ಚೆನ್ನಾಗಿ ತಿಳಿದಿರಿ. ಸಹಾಯಧನ ಮಗುವಿನ ಹೆಸರಲ್ಲಿ ಬರುತ್ತಿದ್ದರೆ ಅದು ಮಗುವಿನದು. ₹1,500ರ ಶರತ್ತು ಇರುವುದು ಆ ಹಣ ಪಡೆಯುವ ಮಹಿಳೆಗೆ. ಮಗುವಿಗೆ ಬರುತ್ತದೆ ಎಂದು ನಿಮ್ಮ ಲಾಡ್ಕಿ ಬಹೀಣ್ ಅರ್ಜಿಯನ್ನು ಯಾರಾದರೂ ತಳ್ಳಿಹಾಕಿದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಿ.

ಹೆದರಿ ಯಾವ ಯೋಜನೆಯನ್ನೂ ಬಿಟ್ಟುಕೊಡಬೇಡಿ. “ಹಿಂದೆ ತೆಗೆದುಕೊಂಡದ್ದನ್ನು ವಸೂಲಿ ಮಾಡುತ್ತಾರೆ, ಹೆಸರು ತೆಗೆಸಿಕೊಳ್ಳಿ” ಎಂದು ದಲ್ಲಾಳಿಗಳು ಹೆದರಿಸುತ್ತಾರೆ. ಅನರ್ಹರೆಂದು ಕೈಬಿಟ್ಟವರಿಂದ ಆವರೆಗೆ ಜಮೆಯಾದ ಹಣ ವಾಪಸು ಪಡೆಯುವುದಿಲ್ಲ ಎಂದು ಸಚಿವೆಯೇ 2025ರ ಫೆಬ್ರವರಿಯಲ್ಲಿ ಹೇಳಿದ್ದಾರೆ. ದಲ್ಲಾಳಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ದುಡಿಯುವ ಅಂಗವಿಕಲ ಅಣ್ಣ-ತಮ್ಮಂದಿರೇ, ನಿಮ್ಮ ಪಗಾರದ ಚೀಟಿ ತೆಗೆದು ನೋಡಿ. ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಎಂಐಡಿಸಿ, ಸೀಪ್ಝ್‌ನ ಕಂಪನಿಗಳಲ್ಲಿ ಕೆಲಸ ಮಾಡುವವರು ಗಮನಿಸಿ. ಮಹಾರಾಷ್ಟ್ರದಲ್ಲಿ ತಿಂಗಳಿಗೆ ₹10,000ಕ್ಕಿಂತ ಹೆಚ್ಚು ಪಗಾರ ಇರುವ ಪುರುಷರಿಂದ ವರ್ಷಕ್ಕೆ ₹2,500 ವೃತ್ತಿ ತೆರಿಗೆ ಹಿಡಿಯುತ್ತಾರೆ. ಶೇ 40 ಮತ್ತು ಮೇಲ್ಪಟ್ಟ ಕಾಯಂ ಅಂಗವಿಕಲತೆ ಇರುವವರಿಗೆ ಈ ತೆರಿಗೆ ಇಲ್ಲ. ಪ್ರಮಾಣಪತ್ರದ ಪ್ರತಿಯನ್ನು ಮಾಲಕರಿಗೆ ಕೊಟ್ಟು ಕಡಿತ ನಿಲ್ಲಿಸಿ ಎನ್ನಿ. ಆದಾಯ ತೆರಿಗೆ ಕಟ್ಟುವವರು 80ಯು ಕಡಿತ ಹೊಸ ಪದ್ಧತಿಯಲ್ಲಿ ಸಿಗುವುದಿಲ್ಲ ಎಂಬುದನ್ನು ನೆನಪಿಟ್ಟು, ಎರಡೂ ಪದ್ಧತಿಯ ಲೆಕ್ಕ ಹಾಕಿಸಿ ಆಮೇಲೆ ಆರಿಸಿಕೊಳ್ಳಿ.

ಒಬ್ಬೊಬ್ಬರೂ ಒಂದೊಂದು ಪತ್ರ

ಕೆಳಗಿನ ಪತ್ರವನ್ನು ಮರಾಠಿಯಲ್ಲಿ ಬರೆಸಿ. ಮರಾಠಿ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳು ಪ್ರತಿ ಚಾಳಿನಲ್ಲೂ ಇದ್ದಾರೆ, ಈ ಕೆಲಸ ಅವರದು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸಿಕ್ಕಾ ಹಾಕಿಸಿಕೊಂಡು ಇಟ್ಟುಕೊಳ್ಳಿ.

*ಮಾನ್ಯ ಜಿಲ್ಲಾಧಿಕಾರಿಗಳು, ಮುಂಬಯಿ ಉಪನಗರ ಜಿಲ್ಲೆ, ಬಾಂದ್ರಾ (ಪೂರ್ವ) ಇವರಿಗೆ,*

*ನಾನು ಅಂಧೇರಿ ತಾಲೂಕಿನ ನಿವಾಸಿ. ನನಗೆ ಶೇ ____ ಅಂಗವಿಕಲತೆ ಇದೆ. ಸಂಜಯ ಗಾಂಧಿ ನಿರಾಧಾರ ಯೋಜನೆಯ ಸಹಾಯಧನ ಪಡೆಯುತ್ತಿದ್ದೇನೆ ಎಂಬ ಒಂದೇ ಕಾರಣಕ್ಕೆ ನನಗೆ ಮುಖ್ಯಮಂತ್ರಿ ಮಾಝಿ ಲಾಡ್ಕಿ ಬಹೀಣ್ ಯೋಜನೆಯ ಹಣ ಸಿಗುತ್ತಿಲ್ಲ. ಈ ಸಹಾಯಧನ ನನ್ನ ಅಂಗವಿಕಲತೆಯಿಂದ ಬರುವ ಹೆಚ್ಚುವರಿ ಖರ್ಚಿಗೆ ಇರುವಂಥದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಕಲಮಿನ ಆಶಯದಂತೆ ಇದನ್ನು ಲಾಡ್ಕಿ ಬಹೀಣ್ ಯೋಜನೆಯ ಅನರ್ಹತೆಯ ಶರತ್ತಿನಿಂದ ಹೊರಗಿಡಬೇಕೆಂದು ಸರಕಾರಕ್ಕೆ ಶಿಫಾರಸು ಮಾಡಬೇಕಾಗಿ ವಿನಂತಿ.*

*ತಮ್ಮ ವಿಶ್ವಾಸಿ,*
*(ಹೆಸರು, ಯುಡಿಐಡಿ ಸಂಖ್ಯೆ, ಸಹಿ / ಹೆಬ್ಬೆಟ್ಟು)*

ಇದರ ಪ್ರತಿಯನ್ನು ಅಂಧೇರಿ ತಹಶೀಲ್ದಾರ್ ಕಚೇರಿಗೂ, ಪುಣೆಯಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೂ ಕಳಿಸಿ. ಅಂಗವಿಕಲರ ಹಕ್ಕಿಗೆ ಧಕ್ಕೆ ಬಂದಾಗ ದೂರು ವಿಚಾರಿಸುವ ಅಧಿಕಾರ ಆ ಆಯುಕ್ತರಿಗೆ ಕಾಯ್ದೆಯಲ್ಲೇ ಇದೆ. ಜಿಲ್ಲಾ ಮಟ್ಟದಲ್ಲಿ ತಿಂಗಳ ಮೊದಲ ಸೋಮವಾರ ಜನರ ಅಹವಾಲು ಕೇಳುವ ಲೋಕಶಾಹಿ ದಿನ ನಡೆಯುತ್ತದೆ. 15 ದಿನ ಮೊದಲೇ ಅರ್ಜಿ ಕೊಟ್ಟು, ಅಂದು ನಾಲ್ಕೈದು ಮಂದಿ ಒಟ್ಟಾಗಿ ಹೋಗಿ. ಒಬ್ಬಂಟಿಯಾಗಿ ಯಾರನ್ನೂ ಕಳಿಸಬೇಡಿ. ಅಂಧೇರಿ ಸ್ಟೇಷನ್ನಿನ ಸೇತುವೆ ಹತ್ತಿಸಲು, ಲೋಕಲ್‌ನ ಅಂಗವಿಕಲರ ಡಬ್ಬಿಗೆ ಕರೆದೊಯ್ಯಲು, ಕಚೇರಿಯಲ್ಲಿ ಸಾಲು ನಿಲ್ಲಲು ಜೊತೆಗಾರರು ಬೇಕು.

ಸಂಘ ಸಂಸ್ಥೆಗಳಿಗೆ, ಹೋಟೆಲು ಮಾಲಕರಿಗೆ

ಮೊಗವೀರ ಭವನ ನಮ್ಮ ಅಂಧೇರಿಯಲ್ಲೇ ಇದೆ. ಅದಮಾರು ಮಠ ಇರ್ಲಾದಲ್ಲಿದೆ. ಸಾಂತಾಕ್ರೂಜ್‌ನಲ್ಲಿ ಬಿಲ್ಲವರ ಭವನ, ಕುರ್ಲಾದಲ್ಲಿ ಬಂಟರ ಭವನ ಇವೆ. ಊರು ಬಿಟ್ಟು ಬಂದವರಿಗೆ ನೆರಳಾದ ಜಾಗಗಳು ಇವು. ಎಲ್ಲ ಕನ್ನಡ, ತುಳು ಸಂಘಗಳ ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ನಿಮ್ಮ ಮುಂದಿನ ಸಭೆಯಲ್ಲಿ ಈ ಐದು ಬೇಡಿಕೆಗಳ ಪರವಾಗಿ ಒಂದು ಠರಾವು ಮಾಡಿ, ಮುಖ್ಯಮಂತ್ರಿಗಳಿಗೂ ನಮ್ಮ ಭಾಗದ ಶಾಸಕರಿಗೂ ಕಳಿಸಿ. ವಿಷಯವನ್ನು ಅಧಿವೇಶನದಲ್ಲಿ ಎತ್ತಿ ಎಂದು ಕೇಳಿ. ತಿಂಗಳಿಗೆ ಒಂದು ದಿನ ಅರ್ಜಿ ಬರೆದುಕೊಡಲು ಒಂದು ಮೇಜು, ನಾಲ್ಕು ಕುರ್ಚಿ ಹಾಕಿಕೊಡಿ.

ಹೋಟೆಲು ಮಾಲಕರೇ, ಈ ಕರಪತ್ರವನ್ನು ನಿಮ್ಮ ಗಲ್ಲಾದ ಪಕ್ಕ ಅಂಟಿಸಿ. ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರ ಮನೆಯಲ್ಲಿ ಇದರ ಅಗತ್ಯ ಇರುವವರು ಇರಬಹುದು.

ಯುವಕ-ಯುವತಿಯರೇ, ನಿಮ್ಮ ಗಲ್ಲಿಯಲ್ಲಿ ಮನೆಯಿಂದ ಹೊರಬರಲಾಗದ ಅಂಗವಿಕಲರು ಯಾರಿದ್ದಾರೆ ಎಂದು ಪತ್ತೆ ಮಾಡಿ. ಅವರ ಮನೆಗೆ ಹೋಗಿ, ಕಾಗದ ನೋಡಿ, ಅರ್ಜಿ ತುಂಬಿಸಿ. ಯೋಜನೆಯ ಇ-ಕೆವೈಸಿ (ಗುರುತಿನ ಖಾತ್ರಿ) ಮಾಡುವಾಗ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಕಣ್ಣು ಕಾಣದ ಅಕ್ಕನ ಪಕ್ಕ ಕೂತು ನಂಬಿಕೆಯಿಂದ ಅದನ್ನು ಮಾಡಿಸಿಕೊಡುವವರು ಬೇಕು.

ಬಂಧುಗಳೇ, ನಾವು ಭಿಕ್ಷೆ ಬೇಡುತ್ತಿಲ್ಲ. ಬಡ ಹೆಣ್ಣುಮಕ್ಕಳಿಗೆಲ್ಲ ಕೊಟ್ಟದ್ದನ್ನು ನಮಗೂ ಕೊಡಿ, ಅಂಗವಿಕಲತೆಗೆ ಕೊಡಬೇಕಾದದ್ದನ್ನು ಬೇರೆಯಾಗಿ ಕೊಡಿ ಎನ್ನುತ್ತಿದ್ದೇವೆ. ಅಂಧೇರಿಯ ಒಂದೊಂದು ಚಾಳಿನಿಂದ ಹತ್ತು ಹತ್ತು ಪತ್ರ ಹೋದರೂ ಬಾಂದ್ರಾದ ಕಚೇರಿ ಅದನ್ನು ಕಡೆಗಣಿಸಲಾರದು. ಇವತ್ತೇ ಬರೆಯಿರಿ. ಬರೆಯಲು ಆಗದವರಿಗೆ ಬರೆದುಕೊಡಿ.

ಅಂಗವಿಕಲರ ಸಹಾಯಧನ ಅಂಗವಿಕಲತೆಗೆ!
ಲಾಡ್ಕಿ ಬಹೀಣ್ ಎಲ್ಲ ಬಡ ಅಕ್ಕ-ತಂಗಿಯರಿಗೆ!
ಎರಡೂ ನಮ್ಮ ಹಕ್ಕು, ಎರಡನ್ನೂ ಪಡೆದೇ ತೀರುತ್ತೇವೆ!

— ಅಂಧೇರಿಯ ಅಂಗವಿಕಲ ಕನ್ನಡ ಮಹಿಳೆಯರು ಮತ್ತು ಅವರ ಮನೆಯವರು

(ಓದಿದ ಮೇಲೆ ಬಿಸಾಡಬೇಡಿ, ಪಕ್ಕದ ಮನೆಗೆ ಕೊಡಿ)